ಚಿಕ್ಕಮ್ಮ ಮತ್ತೆ ಕೆಲಸಕ್ಕೆ ಸೇರಿದ್ದು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಓದುವವರು ದಯವಿಟ್ಟು ಬೇಸರಪಟ್ಟುಕೊಳ್ಳಬಾರದು. ಶಾಲೆ ಅರ್ಧಕ್ಕೇ ಬಿಟ್ಟವಳು ನಾನು, ದೊಡ್ಡ ಮಾತು ಬರುವುದಿಲ್ಲ. ನಮ್ಮ ಚಿಕ್ಕಮ್ಮನ ವಿಷಯವನ್ನು ಇದ್ದ ಹಾಗೆ ಬರೆದಿದ್ದೇನೆ. ಕಂಪ್ಯೂಟರಿನ ಮಾತುಗಳನ್ನು ಅವರನ್ನೇ ಕೇಳಿ ತಿದ್ದಿಕೊಂಡಿದ್ದೇನೆ.

ಚಿಕ್ಕಮ್ಮ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುತ್ತಿದ್ದರು. ಔಷಧಿ ಅಂಗಡಿ, ಹೋಟೆಲು, ಈಜು ಕಲಿಸುವ ಕ್ಲಬ್ಬು, ಹೀಗೆ ಪೇಟೆಯ ಅರ್ಧ ಸೈಟುಗಳು ಅವರ ಕೈಯದ್ದೇ. ಆದರೆ ಎಲ್ಲ ಹಳೆಯ ರೀತಿ. ಅಂಗಡಿಯ ಫೋನ್ ನಂಬರ್ ಬದಲಾದರೆ ಒಂದೊಂದೇ ಪುಟ ತೆರೆದು ತಿದ್ದಬೇಕು. ಒಂದು ಪುಟ ಕಣ್ತಪ್ಪಿದರೂ ಮಾತ್ರೆ ಬೇಕಾದವರು ಯಾರದೋ ಮನೆಗೆ ಫೋನು ಮಾಡಿ ಬೈಸಿಕೊಳ್ಳುತ್ತಿದ್ದರು. ಆ ಆಫೀಸು ಮುಚ್ಚಿತು. ಬೇರೆ ಕಡೆ ಕೆಲಸ ಕೇಳಿದರೆ ಎಲ್ಲರದೂ ಒಂದೇ ರಾಗ.

"ರಿಯಾಕ್ಟ್ ಬರುತ್ತಾ?"

"ಕಲ್ತ್ಕೋತೀನಿ ಸಾರ್."

"ಹಾಗಾದ್ರೆ ಕಲ್ತ್ಕೊಂಡೇ ಬನ್ನಿ."

ರಿಯಾಕ್ಟ್ ಎಂದರೆ ಈಗಿನವರು ವೆಬ್ ಪುಟ ಕಟ್ಟಲು ಬಳಸುವ ಸಲಕರಣೆ. ಅಂಥವನ್ನು ಫ್ರೇಮ್‌ವರ್ಕ್ ಎನ್ನುತ್ತಾರೆ.

ಚಿಕ್ಕಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. "ಯೋಚ್ನೆ ಯಾಕೆ? ನನ್ನ ಹತ್ರ ಗುಂಡಿ ಹಾಕೋ ಕೆಲಸ ಖಾಲಿ ಇದೆ," ಎಂದರು.

"ನೀವು ಹಾಕಿದ ಗುಂಡಿ ಎರಡನೇ ಒಗೆತಕ್ಕೇ ಉದುರುತ್ತೆ. ನಿಮ್ಮ ಹತ್ರ ಏನು ಕಲೀಲಿ ನಾನು?"

ಚಿಕ್ಕಮ್ಮನಿಗೆ ತಮ್ಮ ಕೆಲಸವೇ ಬೇಕಾಗಿತ್ತು. ಪಟ್ಟು ಹಿಡಿದು ಕುಳಿತರು. ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಬಟ್ಟೆ ಕತ್ತರಿಸುವ ಮೇಜು ಅವರದು. ಲ್ಯಾಪ್‌ಟಾಪಿನ ಸಂದಿಯಲ್ಲೆಲ್ಲ ದಾರದ ಚೂರು. ವಿಡಿಯೊ ನೋಡುವುದು, ಬರೆಯುವುದು, ಅಳಿಸುವುದು. ಮೊದಮೊದಲು ತಲೆಬುಡ ತಿಳಿಯಲಿಲ್ಲ. ಹಳೆಯ ರೀತಿಯಲ್ಲಿ ಪರದೆಯ ಮೇಲಿರುವುದನ್ನೇ ನೇರವಾಗಿ ಬದಲಿಸುತ್ತಿದ್ದರು. ಇಲ್ಲಿ ಒಳಗಿನ ಮಾಹಿತಿ ಬದಲಿಸಬೇಕು, ಪರದೆ ತಾನಾಗಿ ಬದಲಾಗುತ್ತದೆ. ಪುಟದ ತಲೆಭಾಗವನ್ನು ಒಂದು ಸಲ ಬರೆದರೆ ಎಲ್ಲ ಪುಟಕ್ಕೂ ಅದೇ.

"ಕಾಲರ್‌ಗೆ ಒಂದು ಪೇಪರ್ ಕತ್ತರಿಸ್ಕೊಂಡು ಎಲ್ಲ ಅಂಗಿಗೂ ಅದನ್ನೇ ಇಡ್ತೀನಲ್ಲ, ಹಾಗೆ. ಇದಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದರು ಚಿಕ್ಕಪ್ಪ. ಚಿಕ್ಕಮ್ಮ ಕತ್ತರಿ ಎತ್ತಿ ತೋರಿಸಿದರು. ಚಿಕ್ಕಪ್ಪ ಒಳಗೆ ಓಡಿದರು.

ಅಭ್ಯಾಸಕ್ಕೆಂದು ಚಿಕ್ಕಮ್ಮ ಅಂಗಡಿಗೇ ಒಂದು ಪುಟ ಮಾಡಿದರು. ಬಟ್ಟೆ ಹೊಲಿದಾಯಿತೇ ಎಂದು ಗಿರಾಕಿಗಳು ಮನೆಯಲ್ಲೇ ನೋಡಬಹುದು. "ಇಸ್ತ್ರಿ ಒಂದೇ ಬಾಕಿ ಅಂತ ಸುಳ್ಳು ಹೇಳ್ಕೊಂಡು ಹೇಗೋ ಬದುಕ್ತಿದ್ದೆ, ಅದಕ್ಕೂ ಕಲ್ಲು ಹಾಕಿದ್ಲು," ಎಂದು ಚಿಕ್ಕಪ್ಪ ಗೊಣಗಿದರು. ಆದರೆ ಅರ್ಜಿಯ ಜೊತೆ ಕಳಿಸಿದ ಆ ಪುಟ ನೋಡಿಯೇ ಬಸ್ ಟಿಕೆಟ್ ಸೈಟು ನಡೆಸುವ ಕಂಪನಿಯೊಂದು ಚಿಕ್ಕಮ್ಮನನ್ನು ಸಂದರ್ಶನಕ್ಕೆ ಕರೆಯಿತು.

ಅಲ್ಲಿನ ಮುಖ್ಯಸ್ಥೆ ಚಿಕ್ಕಮ್ಮನಿಗಿಂತ ಚಿಕ್ಕವರು. ಬಸ್ಸಿನ ಸೀಟುಗಳ ಪುಟ ಮಾಡಲು ಹೇಳಿದರು. ಒತ್ತಿದ ಸೀಟು ಹಸಿರಾಗಬೇಕು. ಜೊತೆಗೆ ಕಿಟಕಿ ಪಕ್ಕದ ಸೀಟು ಮಾತ್ರ ತೋರಿಸುವ ಒಂದು ಬಟನ್ ಇರಬೇಕು. ಚಿಕ್ಕಮ್ಮ ಬೇಗನೆ ಮಾಡಿದರು. ನಡುವಿನ ಒಂದು ಸೀಟು ಒತ್ತಿದರು, ಹಸಿರಾಯಿತು. ಬಟನ್ ಒತ್ತಿ ಕಿಟಕಿಯ ಸೀಟುಗಳನ್ನು ನೋಡಿ, ಮತ್ತೆ ಎಲ್ಲ ಸೀಟಿಗೆ ಬಂದರೆ ಹಸಿರೇ ಇಲ್ಲ! ಕೋಡನ್ನು ಮೇಲಿನಿಂದ ಓದಿ ಹಣೆ ಚಚ್ಚಿಕೊಂಡರು.

"ಅಯ್ಯೋ, ಹಳೇ ಚಾಳಿ!"

"ಏನಾಯ್ತು ಮೇಡಂ?"

"ಪರದೆ ಮೇಲಿನ ಸೀಟಿಗೆ ನೇರವಾಗಿ ಬಣ್ಣ ಬಳಿದ್ಬಿಟ್ಟೆ. ಯಾವ ಸೀಟು ಆರಿಸಿದ್ರು ಅಂತ ಒಳಗೆ ಎಲ್ಲೂ ಇಟ್ಕೊಂಡೇ ಇಲ್ಲ. ಮರೆಯಾಗಿ ವಾಪಸ್ ಬಂದ ಸೀಟಿಗೆ ಏನು ಗೊತ್ತಾಗ್ಬೇಕು ಪಾಪ?"

ಮುಖ್ಯಸ್ಥೆಗೆ ನಗು ಬಂತು. "ಸರಿ, ಆ ಪಾಪದ ಸೀಟಿಗೆ ಒಂದು ದಾರಿ ಮಾಡಿ."

ಚಿಕ್ಕಮ್ಮ ಬಣ್ಣದ ಸಾಲುಗಳನ್ನು ಅಳಿಸಿ, ಆರಿಸಿದ ಸೀಟಿನ ನಂಬರನ್ನು ಒಳಗೆ ಇಟ್ಟರು. ಮುಖ್ಯಸ್ಥೆ ಬಟನ್ ಒತ್ತಿ ಒತ್ತಿ ನೋಡಿದರು. ಹಸಿರು ಅಲುಗಲಿಲ್ಲ.

"ನಮ್ಮಲ್ಲಿ ಹಳೇ ರೀತಿ ಪುಟಗಳು ರಾಶಿ ಬಿದ್ದಿವೆ. ಅವನ್ನೆಲ್ಲ ಹೊಸದಕ್ಕೆ ತರ್ಬೇಕು. ಎರಡೂ ಗೊತ್ತಿರೋರನ್ನೇ ಹುಡುಕ್ತಿದ್ವಿ. ಸೋಮವಾರ ಬರ್ತೀರಾ?"

"ಏಳು ಗಂಟೆಗೇ ಬರ್ತೀನಿ!"

"ಬಾಗಿಲು ತೆಗೆಯೋರು ಒಂಬತ್ತಕ್ಕೆ ಬರ್ತಾರೆ ಮೇಡಂ."

ಈಗ ಚಿಕ್ಕಮ್ಮ ಅದೇ ಪುಟಗಳನ್ನು ಒಂದೊಂದಾಗಿ ಹೊಸದಾಗಿ ಕಟ್ಟುತ್ತಿದ್ದಾರೆ. ಬರುವ ಭಾನುವಾರದಿಂದ ನಾನು ಅವರ ಹತ್ತಿರ ವೆಬ್ ಪುಟ ಬರೆಯಲು ಕಲಿಯುತ್ತೇನೆ.