ಬೈಸಿಕೊಳ್ಳುವ ಟ್ಯೂಬುಗಳು

ನಮ್ಮ ಲ್ಯಾಬಿನ ಹಿರಿಯ ಟೆಕ್ನೀಷಿಯನ್‌ಗೆ ನಾವಿಟ್ಟ ಹೆಸರು ಜ್ಯೋತಿಷಿಯಮ್ಮ. ಯಾರ ರಕ್ತದ ಕ್ಯಾನ್ಸರ್ ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಸೊಪ್ಪು ಹಾಕುವುದಿಲ್ಲ ಎಂದು ರಕ್ತದೊಳಗಿನ ಗುರುತುಗಳನ್ನು ನೋಡಿ ಮೊದಲೇ ಹೇಳುವುದು ಅವರ ಕೆಲಸ. ರಕ್ತದ ಟ್ಯೂಬಿನಲ್ಲಿರುವ ರೋಗಿಯ ಹೆಸರಿನ ಮೇಲೆ ನಾವು ಬಿಳಿ ಪಟ್ಟಿ ಅಂಟಿಸಿ ನಂಬರಷ್ಟೇ ಉಳಿಸದಿದ್ದರೆ ಟ್ಯೂಬನ್ನು ಮುಟ್ಟುವವರಲ್ಲ. ಮುಟ್ಟಿದರೋ, ಬೈಗುಳ ಶುರು: "ಏಯ್ ಹದಿನೇಳು, ಮೊಂಡಾಟ ಸಾಕು, ತೆಪ್ಪಗೆ ಔಷಧಿ ಮಾತು ಕೇಳು!" ಆ ದನಿಗೆ ಯಂತ್ರವೂ ಬೆದರಿ ಬೇಗ ಉತ್ತರ ಕೊಡುತ್ತದೆಂದು ನಮ್ಮ ಗುಮಾನಿ. ಅದೇ ಕಾಯಿಲೆಗೆ ಎರಡು ಔಷಧಿ ಸೋತು, ಮೂರನೆಯದನ್ನು ಆರಿಸಲು ಮೊನ್ನೆ ರಕ್ತ ಕೊಟ್ಟ ಅವರ ಅಕ್ಕ ಬಾಗಿಲಲ್ಲೇ ನಿಂತು ನಗುತ್ತ ಕೇಳಿದರು: "ನನ್ನದಕ್ಕೂ ಬೈದ್ಯೇನೇ?" ಜ್ಯೋತಿಷಿಯಮ್ಮ ತಲೆಯೆತ್ತಲಿಲ್ಲ. "ನಿನ್ನದು ಯಾವುದು ಅಂತ ನಂಗೇನು ಗೊತ್ತು ಅಕ್ಕಾ? ಅದಕ್ಕೇ ಒಂದನ್ನೂ ಬಿಡದೆ ಬೈತಿದೀನಿ."