ತಂದೆಯವರ ಕ್ರಿಸ್‌ಮಸ್ ಮರಗಳ ಮೊದಲ ಕಟಾವು

ಆ ದಿನಗಳಲ್ಲಿ ನಾವು ಸ್ಟಾಕ್‌ಪೋರ್ಟಿನಲ್ಲಿ ವಾಸವಾಗಿದ್ದೆವು ಎಂಬುದನ್ನು ಮೊದಲಾಗಿ ಓದುಗರ ಅವಗಾಹನೆಗೆ ತರಬಯಸುತ್ತೇನೆ. ತಂದೆ ಜಿಪಿ, ಅರ್ಥಾತ್ ಬಡಾವಣೆಯ ಕುಟುಂಬ ವೈದ್ಯರು; ತಾಯಿ ಆಸ್ಪತ್ರೆಯಲ್ಲಿ ನರ್ಸ್. ನಾನು ಐದು ವರ್ಷದವಳಿದ್ದಾಗ ತಂದೆಯವರು ಊರಾಚೆ ಸಣ್ಣದೊಂದು ಇಳಿಜಾರು ಹೊಲವನ್ನು ಗುತ್ತಿಗೆಗೆ ಪಡೆದು ಕ್ರಿಸ್‌ಮಸ್ ಮರದ ಸಸಿಗಳನ್ನು ನೆಡಿಸಿದರು. ಸದರಿ ಮರಗಳು ಆಳೆತ್ತರ ಬರಲು ಎಂಟು ವರ್ಷ ಬೇಕು. ಅಲ್ಲಿಯವರೆಗೆ ಗುತ್ತಿಗೆ, ಗೊಬ್ಬರ, ಮೊಲ ತಡೆಯುವ ಬೇಲಿ ಎಲ್ಲವೂ ಖರ್ಚೇ, ಒಂದು ಪೆನ್ನಿಯೂ ಹುಟ್ಟುವುದಿಲ್ಲ. ಆ ಖರ್ಚಿಗಾಗಿ ಅಮ್ಮ ಶನಿವಾರ, ಭಾನುವಾರಗಳಲ್ಲೂ ಡ್ಯೂಟಿ ಹಾಕಿಸಿಕೊಂಡರು.

“ಮೊದಲ ಕಟಾವು ಆಗ್ಲಿ ಪುಟ್ಟಿ, ಆಮೇಲೆ ವೀಕೆಂಡ್ ಪೂರ್ತಿ ನಿಂದೇ,” ಎನ್ನುತ್ತಿದ್ದರು.

ಆದಕಾರಣ ನನ್ನ ವಾರಾಂತ್ಯಗಳು ಹೊಲದಲ್ಲಿ ಕಳೆದವು. ಬೇಸಿಗೆಯಲ್ಲಿ ತಂದೆಯವರು ಪ್ರತಿ ಮರವನ್ನೂ ಗೋಪುರದ ಆಕಾರಕ್ಕೆ ಕತ್ತರಿಸುತ್ತಿದ್ದರು. ನಾನು ಬುಡದ ಕಳೆ ಕೀಳುತ್ತಿದ್ದೆ. ಅಂಟುಗೈಯಲ್ಲೇ ಡಬ್ಬಿಯ ಮೊಸರನ್ನ ತಿನ್ನುತ್ತಿದ್ದೆವು. ಅನ್ನಕ್ಕೂ ರಾಳದ ವಾಸನೆ. ಸಾಲುಗಳ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆ. ಹುಡುಕುವವರು ಯಾರೂ ಇರಲಿಲ್ಲ.

ಎಂಟನೆಯ ವರ್ಷ, ಸಗಟು ವ್ಯಾಪಾರಿ ಬರಲು ಒಂದು ವಾರವಿರುವಾಗ, ತಂದೆಯವರು ಪರಿಚಯದ ಕನ್ನಡ ಕುಟುಂಬಗಳನ್ನು ಹೊಲಕ್ಕೆ ಆಹ್ವಾನಿಸಿದರು. ಅಮ್ಮ ರಜೆ ಹಾಕಿ ಪುಳಿಯೋಗರೆ ಮಾಡಿ ತಂದಿದ್ದರು. ಊಟವಾದ ಮೇಲೆ ಎಜ್‌ಬಾಸ್ಟನ್ನಿನ ಸರ್ಜನ್ ಅಂಕಲ್ ಅತ್ಯಂತ ದಟ್ಟವಾದ ಮರವೊಂದನ್ನು ತೋರಿಸಿ, “ಇದಕ್ಕೆಷ್ಟು ಡಾಕ್ಟ್ರೇ?” ಎಂದರು.

“ಛೇ, ನಿಮ್ಮ ಹತ್ರ ದುಡ್ಡು ತಗೊಳ್ಳೋದಾ? ತಗೊಂಡ್ಹೋಗಿ.”

“ಹಾಗಾದ್ರೆ ನಮ್ಮ ಭಾವಮೈದನಿಗೂ ಒಂದು ಕಡೀರಿ. ಕಾರ್ ಮೇಲೆ ಜಾಗ ಇದೆ.”

ಎಲ್ಲರೂ ನಕ್ಕರು. “ರೀ, ಸ್ವಲ್ಪ ಬನ್ನಿ ಇಲ್ಲಿ,” ಎಂದು ಅಮ್ಮ ಕರೆದರು. ತಂದೆಯವರು ಕೇಳಿಸದವರಂತೆ ಗರಗಸ ಹಿಡಿದು ಮುಂದಿನ ಸಾಲಿಗೆ ನಡೆದರು. ಸುದ್ದಿ ಹರಡಿ ವಾರವಿಡೀ ಜನ ಬಂದರು. ಯಾರನ್ನೂ ಬರಿಗೈಯಲ್ಲಿ ಕಳುಹಿಸಲಿಲ್ಲ.

ವ್ಯಾಪಾರಿ ಬಂದವನು ಸಾಲುಗಳನ್ನೆಲ್ಲ ಸುತ್ತಿ, “ಒಳ್ಳೆಯವೆಲ್ಲ ಎಲ್ಲಿ, ಡಾಕ್ಟರ್?” ಎಂದು ಕೇಳಿದ.

“ಸ್ನೇಹಿತರಿಗೆ ಕೊಟ್ಟೆ.”

“ಉಳಿದವನ್ನೂ ಅವರಿಗೇ ಕೊಡಿ.”

ಸೊಟ್ಟ ತುದಿಯ, ಬೋಳು ಪಕ್ಕೆಯ ಆ ಮರಗಳಿಗೆ ಅವನು ಹೇಳಿದ ಬೆಲೆ ಕಡಿಯುವ ಕೂಲಿಗೂ ಸಾಲುತ್ತಿರಲಿಲ್ಲ. ತಂದೆಯವರು ಖಾಲಿ ಜಾಗಕ್ಕೆ ಮತ್ತೆ ಸಸಿ ಹಾಕಿಸಿದರು. ಅಮ್ಮ ಮರು ಶನಿವಾರ ಎಂದಿನಂತೆ ಡ್ಯೂಟಿಗೆ ಹೊರಟರು.

ತಂದೆಯವರು ಇಂದಿಗೂ ಆ ವಾರವನ್ನು ಅಭಿಮಾನದಿಂದ ಸ್ಮರಿಸುತ್ತಾರೆ. ಅದರ ವೆಚ್ಚವನ್ನು ಭರಿಸಿದವರು ಯಾರೆಂಬ ವಿಷಯ ಚರ್ಚೆಗೆ ಬಂದಿಲ್ಲ. ಅಮ್ಮನ ವಾರಾಂತ್ಯದ ಡ್ಯೂಟಿ ಇನ್ನೂ ಐದು ವರ್ಷ ನಡೆದು, ನಾನು ಓದಲು ಲಫ್‌ಬರೋಗೆ ಹೋದ ತಿಂಗಳು ಮುಗಿಯಿತು. “ಈ ಶನಿವಾರ ಮನೇಲೇ ಇರ್ತೀನಿ ಕಣೇ, ಬರ್ತೀಯಾ?” ಎಂದು ಅವರು ಫೋನಿನಲ್ಲಿ ಕೇಳಿದರು. ಗೆಳತಿಯರೊಡನೆ ಬೇರೆ ಕಾರ್ಯಕ್ರಮ ನಿಗದಿಯಾಗಿರುವುದರಿಂದ ಬರಲಾಗುವುದಿಲ್ಲವೆಂದು ತಿಳಿಸಿದೆ.