ಬಾಚಣಿಗೆಗೆ ಏಳು ಅಂಕ

2004ರ ಮಳೆಗಾಲದಲ್ಲಿ, ಕೋಡಿಯ ಮೀನು ಮಾರುವ ಮುತ್ತಕ್ಕ ಸೀಮೆಎಣ್ಣೆ ಸ್ಟವ್ ಸಿಡಿದು ಸುಟ್ಟುಕೊಂಡರು. ಗಾಯ ಬಲತೋಳು, ಕಂಕುಳು ಮತ್ತು ಕುತ್ತಿಗೆಯ ಬದಿಗೆ. ಪತ್ರಿಕೆಯೊಂದರ ಕುಂದಾಪುರ ವರದಿಗಾರನಾಗಿದ್ದ ನಾನು ಇದನ್ನೆಲ್ಲ ಬರೆದಿದ್ದೆ. ಬರೆಯದೆ ಬಿಟ್ಟದ್ದು ನೆನಪಾದದ್ದು ಮೊನ್ನೆ, ಕನ್ನಡಿಯ ಮುಂದೆ. ಬಾಚಣಿಗೆ ಎತ್ತಿದರೆ ಬಲಭುಜ ಹಿಡಿದುಕೊಂಡಿತು. ತಲೆಯನ್ನೇ ಬಾಚಣಿಗೆಯ ಬಳಿಗೆ ಬಗ್ಗಿಸಿದೆ. ಬಾಚುವಷ್ಟು ಕೂದಲು ನನಗೀಗ ಇಲ್ಲ, ಅದು ಬೇರೆ ಮಾತು. ಆದರೆ ಹಾಗೆ ಬಗ್ಗಿದ ತಲೆಯನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಮುತ್ತಕ್ಕ ನಮ್ಮ ಕೇರಿಗೆ ಮೀನು ತರುತ್ತಿದ್ದವರು. ಬುಟ್ಟಿಯನ್ನು ತಲೆಯಿಂದ ತಾವೇ ಇಳಿಸಿ, ತಾವೇ ಏರಿಸಿಕೊಳ್ಳುತ್ತಿದ್ದರು. ನಾನು ಕೈ ಚಾಚಿದರೆ, "ಬ್ಯಾಡ ಮಾರಾಯ್ರೆ, ನೀವ್ ಪೆನ್ ಹಿಡಿಯೋರ್, ಬಂಗುಡಿ ಎಲ್ಲ ಮಾರ್ಗದ್ ಮೇಲ್ ಬೀಳ್ತ್" ಎನ್ನುತ್ತಿದ್ದರು. ನನ್ನ ಹೆಂಡತಿಯೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಗಾಯ ಒಣಗಿದ ಮೇಲೆ ಅವರು ಬ್ರಹ್ಮಾವರದ ಆಚೆಯ ಆಸ್ಪತ್ರೆಯೊಂದರಲ್ಲಿ ಉಳಿದು ವ್ಯಾಯಾಮ ಮಾಡುತ್ತಿದ್ದರು. ಥೆರಪಿಸ್ಟ್ ಹುಡುಗಿಯ ಕೈಯಲ್ಲೊಂದು ಹಾಳೆ: ಉಣ್ಣುವುದು, ಮೀಯುವುದು, ತಲೆ ಬಾಚುವುದು, ಬಟ್ಟೆ ಉಡುವುದು, ಮೆಟ್ಟಿಲು ಹತ್ತುವುದು. ಪ್ರತಿಯೊಂದಕ್ಕೂ ಒಂದರಿಂದ ಏಳು ಅಂಕ. ಯಾರ ನೆರವೂ ಇಲ್ಲದೆ ಮಾಡಿದರೆ ಏಳು. ಸುಟ್ಟ ಚರ್ಮ ಮಾಗುತ್ತ ಕುಗ್ಗುತ್ತದೆ, ಕಂಕುಳು ಬಿಗಿಯುತ್ತದೆ, ದಿನವೂ ಕೈ ಎತ್ತಿಸದಿದ್ದರೆ ಮುಂದೆ ಏಳುವುದೇ ಇಲ್ಲ ಎಂದು ಆಕೆ ವಿವರಿಸಿದಳು. ಎಲ್ಲವನ್ನೂ ಬರೆದುಕೊಂಡೆ. ಒಳ್ಳೆಯ ಲೇಖನವಾಗುವಂತಿತ್ತು.

ಮುತ್ತಕ್ಕನ ಮನಸ್ಸು ಕಡಲಲ್ಲಿ. ಮಳೆಗಾಲದ ರಜೆ ಮುಗಿದು ದೋಣಿಗಳು ಇಳಿಯುವ ದಿನ ಹತ್ತಿರವಾಗಿತ್ತು. "ನಾ ಇಲ್ಲೇ ಮನಿಕಂಡ್ರೆ ನನ್ನ್ ಕೇರಿಗೆ ಬೇರೆಯೋರ್ ಹೊಕ್ತ್ರ್. ಮನಿಗ್ ಹೋಯ್ಕ್ ನಂಗೆ."

ಹಾಳೆಯಲ್ಲಿ ಬಾಕಿ ಉಳಿದದ್ದು ತಲೆ ಬಾಚುವುದೊಂದೇ; ಅದಕ್ಕೂ ಏಳು ಬಂದರೆ ಮನೆಗೆ ಬಿಡುತ್ತಿದ್ದರು. ಹುಡುಗಿ ಬಾಚಣಿಗೆ ಕೊಟ್ಟಳು. ಅಷ್ಟರಲ್ಲಿ ಪಕ್ಕದ ಮಂಚದವರು ಕರೆದರು. ಮುತ್ತಕ್ಕನ ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅವರು ನನ್ನತ್ತ ನೋಡಿದರು, ಕುತ್ತಿಗೆ ಬಗ್ಗಿಸಿದರು, ಸರಸರ ಬಾಚಿಕೊಂಡರು.

"ಹ್ವಾಯ್, ಹೇಳ್ಬೇಡಿ. ಕೈಯೇ ಮಂಡೆಗ್ ಹೋಯ್ಕ್ ಅಂದೇಳಿ ಆ ಕಾಗ್ದದಗ್ ಬರ್ದಿತಾ? ಮಂಡೆ ಕೈ ಹತ್ರ ಬಂದ್ರ್ ಸಾಲ್ದಾ?"

ನಾನು ನಕ್ಕುಬಿಟ್ಟೆ. ಹುಡುಗಿ ಬಂದು ಕೇಳಿದಳು: "ಸಾರ್, ನೀವು ನೋಡಿದ್ರಲ್ಲ, ಯಾರಾದ್ರೂ ಸಹಾಯ ಮಾಡಿದ್ರಾ?"

"ಇಲ್ಲ. ಅವರೇ ಬಾಚಿಕೊಂಡರು."

ಆ ವಾಕ್ಯದಲ್ಲಿ ಒಂದಕ್ಷರ ಸುಳ್ಳಿಲ್ಲ. ಯಾವ ಸಂಪಾದಕರೂ ಅದಕ್ಕೆ ತಿದ್ದುಪಡಿ ಕೇಳುವಂತಿರಲಿಲ್ಲ. ಹುಡುಗಿ ಏಳು ಬರೆದಳು. ಮನೆಯಲ್ಲೂ ಕೈ ಎತ್ತಿಸಿ, ವಾರಕ್ಕೊಮ್ಮೆ ಬಂದು ತೋರಿಸಿ ಎಂದು ಹೇಳಿ ಕಳಿಸಿದಳು. ದೋಣಿ ಇಳಿದ ಮೇಲೆ ಮುತ್ತಕ್ಕ ಆಸ್ಪತ್ರೆಗೆ ಹೋಗಲಿಲ್ಲ. ನಾನು ಏಳಕ್ಕೆ ಏಳು ಬಂದದ್ದನ್ನೂ ಬರೆದು, "ಬೆಂಕಿ ಗೆದ್ದ ಮುತ್ತಕ್ಕ" ಎಂದು ಶೀರ್ಷಿಕೆ ಕೊಟ್ಟೆ; ನನಗದು ಬಹಳ ಹಿಡಿಸಿತ್ತು.

ಹಬ್ಬಗಳ ಹೊತ್ತಿಗೆ ಅವರು ಮತ್ತೆ ನಮ್ಮ ಗೇಟಿಗೆ ಬಂದರು. "ಬುಟ್ಟಿ ಒಂಚೂರ್ ಇಳ್ಸಿ ಕೊಡಿನಿ" ಎಂದರು. ಅವರು ಹಾಗೆ ಕೇಳಿದ್ದು ಅದೇ ಮೊದಲು. ಇಳಿಸಲು ಜನವಿಲ್ಲದ ಮನೆಗಳನ್ನು ದಾಟಿ ಹೋಗುತ್ತಿದ್ದರು. ಕೈ ಹೇಗಿದೆ ಎಂದೆ.

"ಏಳಕ್ಕೆ ಏಳ್ ಅಲ್ದಾ? ನೀವೇ ಬರ್ದದ್ದ್" ಎಂದು ನಕ್ಕರು.

ಮರುವರ್ಷದಿಂದ ಅವರು ಕೇರಿಗೆ ಬರಲಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಾರೆಂದು ಗೊತ್ತಿದ್ದೂ ನಾನು ಆ ಕಡೆ ಹೋಗಲಿಲ್ಲ. ಮೀನು ತರುವ ಕೆಲಸ ಹೆಂಡತಿಯದಾಯಿತು.

ಮೊನ್ನೆ ಭುಜ ತೋರಿಸಲು ಹೋದಾಗ ಅಲ್ಲಿನ ಥೆರಪಿಸ್ಟ್ ಕೈಯಲ್ಲೂ ಒಂದು ಹಾಳೆ. "ತಲೆ ಬಾಚ್ಕೊಳ್ತೀರಾ?"

"ಬಾಚ್ತೇನೆ. ತಲೆ ಬಗ್ಗಿಸಿ."

ಅವರು ಬರೆದಿದ್ದ ಏಳನ್ನು ಹೊಡೆದುಹಾಕಿ ಕಡಿಮೆ ಅಂಕ ಬರೆದರು. ಅಲ್ಲಿಂದ ನೇರ ಮೀನು ಮಾರ್ಕೆಟ್ಟಿಗೆ ಹೋದೆ. ಮುತ್ತಕ್ಕ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಲಗೈ ಈಗ ಭುಜದ ಮಟ್ಟಕ್ಕೂ ಬರುವುದಿಲ್ಲ. ಬೆಳಿಗ್ಗೆ ಬುಟ್ಟಿ ತಂದಿಡುವುದು, ಮಧ್ಯಾಹ್ನ ಒಯ್ಯುವುದು ಸೊಸೆ. ಅವರ ತಲೆ ಬಾಚುವುದೂ ಅವಳೇ.